ಭಾಗಿಸದೆಯೇ ಗೆದ್ದ ಸಂಖ್ಯೆ

170141183460469231731687303715884105727. ದೊಡ್ಡ ಅವಿಭಾಜ್ಯಗಳಲ್ಲಿ ನನಗೆ ಅಚ್ಚುಮೆಚ್ಚಿನದು ಇದು. 127 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಸಿಗುತ್ತದೆ. 2024ರಲ್ಲಿ ಕಂಪ್ಯೂಟರುಗಳು ಪತ್ತೆಹಚ್ಚಿದ ದಾಖಲೆಯ ಅವಿಭಾಜ್ಯಕ್ಕೆ 4,10,24,320 ಅಂಕಿಗಳಿವೆ, ನಿಜ. ಆದರೆ ಈ 39 ಅಂಕಿಗಳ ಸಂಖ್ಯೆಯನ್ನು ಸಾಧಿಸಿದ್ದು ಕೈಲೆಕ್ಕ. ನನ್ನ ಮಟ್ಟಿಗೆ ಅದರ ತೂಕವೇ ಬೇರೆ.

1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಇಂಥ ಅವಿಭಾಜ್ಯಗಳನ್ನು ಕೊಡುವ ಘಾತಗಳ ಪಟ್ಟಿ ಪ್ರಕಟಿಸಿದ್ದ. ಅದರಲ್ಲಿದ್ದ 67 ಮತ್ತು 257 ಮುಂದೆ ಸುಳ್ಳಾದವು. 127 ಉಳಿಯಿತು. ಅದನ್ನು ಉಳಿಸಿದವನು ಎದುವಾರ್ ಲ್ಯೂಕಾ, 1876ರಲ್ಲಿ.

ಭಾಗಿಸಿ ನೋಡುವ ದಾರಿ ಅವನಿಗೆ ತೆರೆದಿರಲಿಲ್ಲ. ಈ ಸಂಖ್ಯೆಯ ವರ್ಗಮೂಲವೇ 20 ಅಂಕಿಯದು. ಅಪವರ್ತನ ಏನಾದರೂ ಇದ್ದರೆ ಅದನ್ನು 254ರಿಂದ ಭಾಗಿಸಿದಾಗ 1 ಉಳಿಯಲೇಬೇಕೆಂಬ ನಿಯಮವಿದೆ. ಆ ಜರಡಿ ಹಿಡಿದರೂ ಹತ್ತು ಜನ್ಮ ಸಾಲದು. ಲ್ಯೂಕಾ ಭಾಗಿಸುವ ಗೋಜಿಗೇ ಹೋಗದೆ ಬೇರೊಂದು ಪರೀಕ್ಷೆ ಕಟ್ಟಿದ. 1930ರ ದಶಕದಲ್ಲಿ ಲೆಹ್ಮರ್ ಅದನ್ನು ಒಪ್ಪವಾಗಿಸಿದ. 4ರಿಂದ ಹೊರಡಿ, ವರ್ಗ ಮಾಡಿ, 2 ಕಳೆಯಿರಿ, ಮತ್ತೆ ಹಾಗೇ ಮಾಡಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ ನಮ್ಮ ಸಂಖ್ಯೆಯಿಂದ ಶೇಷವಿಲ್ಲದೆ ಭಾಗವಾದರೆ ಅದು ಅವಿಭಾಜ್ಯ. ಇಲ್ಲವಾದರೆ ಅಲ್ಲ.

31ನ್ನು ತೆಗೆದುಕೊಳ್ಳಿ. ಐದು ಎರಡುಗಳ ಗುಣಲಬ್ಧಕ್ಕಿಂತ ಒಂದು ಕಡಿಮೆ; ಹಾಗಾಗಿ ಮೂರು ಹೆಜ್ಜೆ. 4, ಆಮೇಲೆ 14, ಆಮೇಲೆ 194. ದೊಡ್ಡದಾಯಿತೆಂದು 31ರಿಂದ ಭಾಗಿಸಿ ಶೇಷ 8 ಇಟ್ಟುಕೊಳ್ಳಿ. 8ರ ವರ್ಗ 64, ಎರಡು ಕಳೆದರೆ 62. ಎರಡು ಮೂವತ್ತೊಂದು! ಆ ಶೇಷ ತೆಗೆಯುವುದೂ ಎಷ್ಟು ಸಲೀಸು ನೋಡಿ. ದ್ವಿಮಾನ ಪದ್ಧತಿಯಲ್ಲಿ 194 ಎಂದರೆ 11000010. ಬಲಗಡೆಯ ಐದು ಅಂಕಿ 00010, ಅಂದರೆ 2. ಉಳಿದ 110 ಅಂದರೆ 6. ಕೂಡಿದರೆ ಅದೇ 8. ಭಾಗಾಕಾರ ಮಾಯವಾಗಿ ಸಂಕಲನವೊಂದೇ ಉಳಿಯಿತು. ನಮ್ಮ ದೊಡ್ಡ ಸಂಖ್ಯೆ ದ್ವಿಮಾನದಲ್ಲಿ ಸಾಲಾಗಿ 127 ಒಂದುಗಳು. ಅಲ್ಲೂ ಇದೇ ಮಡಿಕೆ ನಡೆಯುತ್ತದೆ. ಈ ಸಲೀಸಿಗಾಗಿಯೇ ಗೂಢಲಿಪಿಶಾಸ್ತ್ರದವರು ಇಂದಿಗೂ ಇದನ್ನು ಆರಿಸಿಕೊಳ್ಳುವುದುಂಟು.

ಅಂದಹಾಗೆ, ಹನೋಯ್ ಗೋಪುರದ ಆಟ ಕಂಡುಹಿಡಿದವನೂ ಇದೇ ಲ್ಯೂಕಾ. 127 ಬಿಲ್ಲೆಗಳ ಗೋಪುರವನ್ನು ಸ್ಥಳಾಂತರಿಸಲು ಕನಿಷ್ಠ ಎಷ್ಟು ನಡೆ ಬೇಕು ಗೊತ್ತೇ? ಸರಿಯಾಗಿ ಈ ಸಂಖ್ಯೆಯಷ್ಟು.

ಎಪ್ಪತ್ತೈದು ವರ್ಷ ಇದನ್ನು ಮೀರಿಸುವ ಅವಿಭಾಜ್ಯ ಯಾರಿಗೂ ಸಿಗಲಿಲ್ಲ. 1951ರಲ್ಲಿ ಕೇಂಬ್ರಿಜ್‌ನ ಎಡ್ಸ್ಯಾಕ್ ಕಂಪ್ಯೂಟರಿನಲ್ಲಿ ಮಿಲ್ಲರ್ ಮತ್ತು ವ್ಹೀಲರ್ 79 ಅಂಕಿಗಳದ್ದೊಂದನ್ನು ಸಾಧಿಸಿದರು. ಅದನ್ನು ಕಟ್ಟಿದ್ದೂ ಈ ಸಂಖ್ಯೆಯಿಂದಲೇ: ಇದರ ವರ್ಗವನ್ನು 180ರಿಂದ ಗುಣಿಸಿ, ಒಂದು ಕೂಡಿಸಿ.

2ನೇ ಘಾತ 3 ಕೊಡುತ್ತದೆ, 3ನೇ ಘಾತ 7, 7ನೇ ಘಾತ 127, 127ನೇ ಘಾತ ನಮ್ಮ ಸಂಖ್ಯೆ. ಎಲ್ಲವೂ ಅವಿಭಾಜ್ಯ. ಇದನ್ನೇ ಘಾತವಾಗಿಸಿದರೆ? ಆ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಅಲ್ಲಿಗೆ ಲ್ಯೂಕಾನ ಪರೀಕ್ಷೆಯೂ ಮುಟ್ಟದು. ಹೆಜ್ಜೆಗಳ ಎಣಿಕೆಯೇ ಈ 39 ಅಂಕಿಗಳಷ್ಟು. ಯಾವುದಾದರೂ ಅಪವರ್ತನ ಎದುರಾದೀತೇ ಎಂದು ಹುಡುಕುವುದೊಂದೇ ಈಗಿರುವ ದಾರಿ.