ಕರಗದೆ ಆವಿಯಾಗುವ ಮಂಜುಗಡ್ಡೆ

ಮಾಳಿಗೆಯ ಮೇಲೆ ಸಂಡಿಗೆ ಕಾದು ಬೆಳೆದ ನಮಗೆ ಒಣಗಿಸುವುದೆಂದರೆ ಬಿಸಿಲು. ಅಮೆರಿಕದ ಮನೆಗಳಿಗೆ ಕಾಲಿಟ್ಟಿರುವ ಫ್ರೀಜ್ ಡ್ರೈಯರ್ ಮಾತ್ರ ಚಳಿಯನ್ನು ನೆಚ್ಚಿದ ಯಂತ್ರ. ತಟ್ಟೆಯಲ್ಲಿ ಹರಡಿದ ಸ್ಟ್ರಾಬೆರಿ ಹೋಳುಗಳನ್ನು ಮೊದಲು ಸೊನ್ನೆಗಿಂತ 30–40 ಡಿಗ್ರಿ ಕೆಳಗಿನ ಚಳಿಯಲ್ಲಿ ಕಲ್ಲಾಗಿಸುತ್ತದೆ. ಆಮೇಲೆ ಪಂಪು ಒಳಗಿನ ಗಾಳಿಯನ್ನು ಹೀರುತ್ತದೆ. ಒತ್ತಡ ಅಷ್ಟು ಇಳಿದ ಮೇಲೆ ತುಸು ಶಾಖ ತಾಗಿದರೆ ಸಾಕು, ಮಂಜುಗಡ್ಡೆ ನೀರಾಗುವ ಗೊಡವೆಗೇ ಹೋಗದೆ ಆವಿಯಾಗಿ, ಪೆಟ್ಟಿಗೆಯ ತಣ್ಣನೆ ಗೋಡೆಗೆ ಹಿಮವಾಗಿ ಅಂಟುತ್ತದೆ.

ಒಂದು ದಿನ, ಕೆಲವೊಮ್ಮೆ ಎರಡು ದಿನ ಕಾದು ಬಾಗಿಲು ತೆರೆಯಿರಿ. ಹಣ್ಣು ಸುಕ್ಕುಗಟ್ಟಿಲ್ಲ, ಬಣ್ಣ ಕಂದಿಲ್ಲ. ಎತ್ತಿದರೆ ಹತ್ತಿಯಷ್ಟು ಹಗುರ, ಕಚ್ಚಿದರೆ ಹಪ್ಪಳದಂತೆ ಗರಿಗರಿ; ನಾಲಿಗೆಯ ಮೇಲೆ ನೆನೆದರೆ ಮತ್ತದೇ ಹಣ್ಣಿನ ಹುಳಿಸಿಹಿ.

ಯಂತ್ರ ದುಬಾರಿ, ಪಂಪಿನ ಸದ್ದೂ ಉಂಟು. ಬೆಣ್ಣೆ, ಜೇನು ಇದಕ್ಕೆ ಬಗ್ಗುವುದಿಲ್ಲ. ತೇವ ತಾಗದಂತೆ ಮುಚ್ಚಿಡದಿದ್ದರೆ ಗರಿಯೆಲ್ಲ ಮಾಯ. ಆದರೂ ಇದರ ವಂಶ ದೊಡ್ಡದು: ಆಂಡೀಸ್ ಬೆಟ್ಟಗಳ ರೈತರು ಇರುಳಿನ ಕೊರೆಯುವ ಚಳಿಗೂ ಹಗಲಿನ ಬಿಸಿಲಿಗೂ ಆಲೂಗಡ್ಡೆ ಒಡ್ಡಿ, ಕಾಲಲ್ಲಿ ತುಳಿದು, ವರ್ಷಗಟ್ಟಲೆ ಕೆಡದ ‘ಚುನ್ಯೊ’ ಮಾಡುತ್ತ ಬಂದಿದ್ದಾರೆ. ಅವರ ಬೆಟ್ಟದ ಚಳಿ ಈಗ ಅಡುಗೆಮನೆಯ ಮೂಲೆಯ ಪೆಟ್ಟಿಗೆಯಲ್ಲಿ ಗುಂಯ್‌ಗುಡುತ್ತಿದೆ.