ಬೇರು ಯಾರದು, ಹೆಸರು ಯಾರದು: ಅಮೆರಿಕದ ಎಕ್ಲೆಕ್ಟಿಕ್ ವೈದ್ಯಪಂಥ ಮತ್ತು ಮೇ ಆಪಲ್

1835ರ ಸುಮಾರಿಗೆ ಜಾನ್ ಕಿಂಗ್ ಎಂಬ ಅಮೆರಿಕದ ವೈದ್ಯರು ಕಾಡುಗಿಡವೊಂದರ ಬೇರಿನಿಂದ ತಾವೇ ತೆಗೆದ ರಾಳವನ್ನು ರೋಗಿಯೊಬ್ಬಳಿಗೆ ಕೊಟ್ಟರು. ಆಗ ಅವರು ಇನ್ನೂ ಇಪ್ಪತ್ತರ ಹರೆಯದಲ್ಲಿದ್ದರು. ಬೇರಿನ ಪುಡಿಯನ್ನು ಎಷ್ಟು ಕೊಡಬಹುದೆಂದು ಅವರಿಗೆ ಗೊತ್ತಿತ್ತು, ರಾಳ ಅದಕ್ಕಿಂತ ಎಷ್ಟು ಪ್ರಬಲವೆಂಬ ಅಂದಾಜು ಇರಲಿಲ್ಲ. ಮುಂದೆ ಗ್ರೇನ್ ಎಂಬ ಪುಟ್ಟ ತೂಕದ ಅರ್ಧವೋ ಕಾಲೋ ಸಾಕೆಂದು ತೀರ್ಮಾನವಾದ ಔಷಧವನ್ನು ಅಂದು ಅದರ ಹಲವು ಪಟ್ಟು ಕೊಟ್ಟಿದ್ದರು. ವಾಂತಿ, ಭೇದಿ, ಕೈಕಾಲುಗಳ ಸೆಳೆತ ಒಟ್ಟಿಗೇ ಶುರುವಾಗಿ ಆಕೆಯ ಜೀವಕ್ಕೇ ಸಂಚಕಾರ ಬಂತು. ಕಿಂಗ್ ಬೆಚ್ಚಿಬಿದ್ದರು, ಆದರೆ ರಾಳವನ್ನು ಎಸೆಯಲಿಲ್ಲ. ಪ್ರಮಾಣ ಇಳಿಸಿದರು, ಮತ್ತೆ ಮತ್ತೆ ಕೊಟ್ಟು ನೋಡಿದರು, ಬರೆದರು. ಪೊಡೊಫಿಲಿನ್ ಎಂಬ ಆ ರಾಳ ಮುಂದಿನ ನೂರು ವರ್ಷ ಅಮೆರಿಕದ ಔಷಧದಂಗಡಿಗಳಲ್ಲಿ ನೆಲೆನಿಂತಿತು.

ಗಿಡದ ಹೆಸರು ಮೇ ಆಪಲ್, ಸಸ್ಯಶಾಸ್ತ್ರದಲ್ಲಿ ಪೊಡೊಫಿಲಮ್ ಪೆಲ್ಟೇಟಮ್. ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ವಸಂತದ ಆರಂಭಕ್ಕೆ, ಮರಗಳು ಎಲೆ ತುಂಬಿಕೊಂಡು ನೆರಳಾಗುವ ಮೊದಲೇ, ನೆಲದಿಂದ ಮಡಿಸಿದ ಕೊಡೆಯಂತೆ ಏಳುತ್ತದೆ. ಒಂದೇ ಎಲೆಯ ಗಿಡ ಹೂ ಬಿಡುವುದಿಲ್ಲ. ಎಲೆ ಎರಡಿದ್ದರೆ ಅವು ಕವಲೊಡೆಯುವ ಸಂದಿಯಲ್ಲಿ ಒಂದೇ ಒಂದು ಬಿಳಿ ಹೂ ತಲೆ ತಗ್ಗಿಸಿ ಅರಳುತ್ತದೆ. ಪೂರ್ತಿ ಕಳಿತು ಹಳದಿಯಾದ ಹಣ್ಣಿನ ತಿರುಳನ್ನು ತಿನ್ನಬಹುದು. ಕಾಯಿ, ಎಲೆ, ಬೇರು ಎಲ್ಲವೂ ವಿಷ. ಬೇಸಿಗೆ ಬಲಿಯುವ ಹೊತ್ತಿಗೆ ಮೇಲಿನ ಭಾಗ ಒಣಗಿಹೋಗುತ್ತದೆ. ನೆಲದೊಳಗೆ ಬೆರಳು ಗಾತ್ರದ ಬೇರುಕಾಂಡ ಅಡ್ಡಡ್ಡ ಹಬ್ಬುತ್ತಲೇ ಇರುತ್ತದೆ; ಒಂದು ಇಡೀ ಹಾಸು ಒಂದೇ ಗಿಡದ ಸಂತಾನವಾಗಿರುವುದುಂಟು.

ಈ ಬೇರಿನ ಗುಣವನ್ನು ಕಂಡುಕೊಂಡವರು ಕಿಂಗ್ ಅಲ್ಲ. ಚೆರೋಕೀ ಜನ ಅದನ್ನು ಭೇದಿಗೆ, ಹೊಟ್ಟೆಯ ಹುಳುಗಳಿಗೆ ಬಳಸುತ್ತಿದ್ದರು. ಮೆನೋಮಿನಿ ಜನ ಗಿಡದ ಕಷಾಯವನ್ನು ಬೆಳೆಗೆ ಚಿಮುಕಿಸಿ ಕೀಟ ಕೊಲ್ಲುತ್ತಿದ್ದರು. ಮನುಷ್ಯರಿಗೆ ಔಷಧ, ಹುಳುವಿಗೆ ವಿಷ ಎಂಬ ಎರಡೂ ತಿಳಿವಳಿಕೆ ಅವರಲ್ಲಿತ್ತು. ಹದಿನೆಂಟನೇ ಶತಮಾನದಲ್ಲಿ ಕೆರೊಲಿನಾದಲ್ಲಿ ಓಡಾಡಿದ ಇಂಗ್ಲಿಷ್ ಪ್ರಕೃತಿಶಾಸ್ತ್ರಜ್ಞ ಮಾರ್ಕ್ ಕೇಟ್ಸ್‌ಬಿ, ಈ ಬೇರನ್ನು ಅಲ್ಲಿಯವರು ವಾಂತಿ ಮಾಡಿಸಲು ಬಳಸುತ್ತಾರೆಂದು ದಾಖಲಿಸಿದ್ದರು. 1820ರಲ್ಲಿ ಮೊದಲ ಬಾರಿಗೆ ಹೊರಬಂದ ಅಮೆರಿಕದ ಫಾರ್ಮಕೊಪಿಯಾದಲ್ಲೇ ಅದು ಸೇರಿತ್ತು. ಆದರೆ ಅದನ್ನು ತಮ್ಮ ಪಂಥದ ಬಾವುಟದಂತೆ ಎತ್ತಿಹಿಡಿದವರು ಕಿಂಗ್ ಸೇರಿದ್ದ ಎಕ್ಲೆಕ್ಟಿಕ್ ಪಂಥದ ವೈದ್ಯರು. ಆ ಪಂಥಕ್ಕೆ ಇಂದು ಸಿಗುತ್ತಿರುವ ಹೊಗಳಿಕೆ ಅತಿಯಾಯಿತು, ತಾತ್ಸಾರವೂ ಅತಿಯಾಯಿತು ಎಂಬುದು ನನ್ನ ಎಣಿಕೆ.

ಪಂಥ ಹುಟ್ಟಿದ ಕಾಲವನ್ನು ನೆನೆದರೆ ಅದರ ಸಿಟ್ಟು ಅರ್ಥವಾಗುತ್ತದೆ. ಆಗಿನ ಅಧಿಕೃತ ವೈದ್ಯರ ಮುಖ್ಯ ಅಸ್ತ್ರಗಳು ಎರಡು: ರಕ್ತ ತೆಗೆಯುವುದು, ಪಾದರಸದ ಲವಣವಾದ ಕ್ಯಾಲೊಮೆಲ್ ಕುಡಿಸುವುದು. 1793ರಲ್ಲಿ ಫಿಲಡೆಲ್ಫಿಯಾದಲ್ಲಿ ಹಳದಿ ಜ್ವರ ಹಬ್ಬಿದಾಗ ಬೆಂಜಮಿನ್ ರಶ್ ಈ ಎರಡನ್ನೂ ಧಾರಾಳವಾಗಿ ಬಳಸಿದರು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಗಣ್ಯರು ಅವರು, ಅವರ ಮಾತಿಗೆ ತೂಕವಿತ್ತು. ಬಾಯಲ್ಲಿ ಜೊಲ್ಲು ಸುರಿಯತೊಡಗಿದರೆ ಮದ್ದು ಹಿಡಿಯಿತೆಂದು ಲೆಕ್ಕ. ಒಸಡು ಕೊಳೆತು, ಹಲ್ಲು ಉದುರಿ, ದವಡೆ ಸವೆದವರು ಊರೂರಿನಲ್ಲಿದ್ದರು. ಅಂತರ್ಯುದ್ಧದ ನಡುವೆ, 1863ರಲ್ಲಿ, ಸೇನೆಯ ಸರ್ಜನ್ ಜನರಲ್ ವಿಲಿಯಂ ಹ್ಯಾಮಂಡ್ ಕ್ಯಾಲೊಮೆಲನ್ನು ಸೇನೆಯ ಔಷಧಪಟ್ಟಿಯಿಂದ ತೆಗೆದುಹಾಕಿದಾಗ ವೈದ್ಯಲೋಕ ಅವರ ಮೇಲೆಯೇ ತಿರುಗಿಬಿತ್ತು. ಮರುವರ್ಷ ಅವರು ಹುದ್ದೆ ಕಳೆದುಕೊಂಡರು. ಅದಕ್ಕೆ ಬೇರೆ ಕಾರಣಗಳೂ ಇದ್ದವು.

ಇದರ ವಿರುದ್ಧ ನ್ಯೂಯಾರ್ಕಿನಲ್ಲಿ ದನಿಯೆತ್ತಿದವರು ವೂಸ್ಟರ್ ಬೀಚ್. ನಾಡಿನ ಗಿಡಗಳಿಂದಲೇ ಚಿಕಿತ್ಸೆ ಕಟ್ಟಬೇಕು, ಯಾವ ಪಂಥದಿಂದಾದರೂ ಸರಿ ಒಳ್ಳೆಯದನ್ನು ಆಯ್ದುಕೊಳ್ಳಬೇಕು ಎಂಬುದು ಅವರ ನಿಲುವು. ಎಕ್ಲೆಕ್ಟಿಕ್ ಎಂಬ ಹೆಸರಿನ ಅರ್ಥವೂ ಅದೇ. 1830ರಲ್ಲಿ ಒಹಾಯೊದ ವರ್ದಿಂಗ್‌ಟನ್ನಿನಲ್ಲಿ ಅವರ ಬಳಗದ ಶಾಲೆ ಶುರುವಾಯಿತು. ಕೊಯ್ದು ಕಲಿಯಲು ಶವ ಕದ್ದರೆಂದು 1839ರಲ್ಲಿ ಜನ ನುಗ್ಗಿದ ಮೇಲೆ ಆ ಶಾಲೆ ನಿಂತಿತು. ಬಳಗ ಸಿನ್ಸಿನಾಟಿಗೆ ಬಂತು; 1845ರಲ್ಲಿ ಅಲ್ಲಿನ ಎಕ್ಲೆಕ್ಟಿಕ್ ಮೆಡಿಕಲ್ ಇನ್‌ಸ್ಟಿಟ್ಯೂಟ್‌ಗೆ ಸನ್ನದು ಸಿಕ್ಕಿತು. ಹೆಣ್ಣುಮಕ್ಕಳಿಗೆ ವೈದ್ಯಶಿಕ್ಷಣದ ಬಾಗಿಲು ಮುಚ್ಚಿದ್ದ ದಿನಗಳಲ್ಲಿ ಈ ಪಂಥದ ಕಾಲೇಜುಗಳು ಅವರನ್ನು ಸೇರಿಸಿಕೊಂಡವು. ಲಿಡಿಯಾ ಫೋಲ್ಗರ್ ಫೌಲರ್ 1850ರಲ್ಲಿ ಪದವಿ ಪಡೆದದ್ದು ಅಂಥದೊಂದು ಕಾಲೇಜಿನಲ್ಲಿ. ಇದೊಂದೇ ಸಾಧನೆಯಿದ್ದರೂ ಪಂಥವನ್ನು ಗೌರವದಿಂದ ನೆನೆಯಬೇಕು.

ಆದರೆ ಅವರ ವೈದ್ಯದ ಒಳಗಿಣುಕಿದರೆ ತೊಡಕು ಕಾಣುತ್ತದೆ. ಪೊಡೊಫಿಲಿನ್‌ಗೆ ಸಿಕ್ಕ ಅಡ್ಡಹೆಸರು ‘ಸಸ್ಯಜನ್ಯ ಕ್ಯಾಲೊಮೆಲ್’. ಯಾವ ಮದ್ದನ್ನು ಓಡಿಸಲು ಪಂಥ ಹುಟ್ಟಿತೋ ಅದರ ಹೆಸರನ್ನೇ ತಮ್ಮ ಮದ್ದಿಗೆ ಇಟ್ಟುಕೊಂಡರು. ಪಾದರಸ ಹೋಯಿತು, ಪಾದರಸವನ್ನು ಕೊಡಿಸುತ್ತಿದ್ದ ನಂಬಿಕೆ ಹೋಗಲಿಲ್ಲ. ಯಕೃತ್ತು ಜಡವಾಗಿದೆ, ಪಿತ್ತ ಕಟ್ಟಿದೆ, ಹೊಟ್ಟೆ ತೊಳೆದುಬಿಟ್ಟರೆ ರೋಗ ಹೊರಟುಹೋಗುತ್ತದೆ ಎಂಬ ಲೆಕ್ಕ ಎರಡೂ ಕಡೆ ಒಂದೇ. ಗಿಡದಿಂದ ಬಂದದ್ದು ಎನ್ನುವ ಕಾರಣಕ್ಕೆ ಅದು ಸೌಮ್ಯವಾಗಿಬಿಡುವುದಿಲ್ಲ ಎನ್ನಲು ಕಿಂಗ್ ಅವರ ಮೊದಲ ರೋಗಿಯೇ ಸಾಕ್ಷಿಯಿದ್ದಳು. ಆ ಪಾಠ ಪ್ರಮಾಣ ಇಳಿಸುವುದಕ್ಕಷ್ಟೇ ಬಳಕೆಯಾಯಿತು, ನಂಬಿಕೆಯನ್ನು ಪ್ರಶ್ನಿಸುವುದಕ್ಕೆ ಆಗಲಿಲ್ಲ.

ಮುಂದೆ ವ್ಯಾಪಾರ ಬೆರೆಯಿತು. ಮದ್ಯಸಾರದಲ್ಲಿ ತೆಗೆದ ಬೇರಿನ ಗಟ್ಟಿ ರಸವನ್ನು ನೀರಿಗೆ ಸುರಿದರೆ ರಾಳ ತಳಕ್ಕೆ ಇಳಿಯುತ್ತದೆ. ಒಣಗಿಸಿ ಪುಡಿ ಮಾಡಿದರೆ ಮಾರಾಟಕ್ಕೆ ಸಿದ್ಧ. ಪೊಡೊಫಿಲಿನ್ ಗೆದ್ದಿತೆಂದು ಕಂಡಕಂಡ ಗಿಡಗಳಿಗೆಲ್ಲ ಇದೇ ಉಪಾಯ ಹೂಡಿದರು. ಹೆಸರಿನ ಕೊನೆಗೆ ಒಂದು ‘ಇನ್’ ಸೇರಿಸಿದ ಪುಡಿಗಳು 1850ರ ದಶಕದಲ್ಲಿ ಮಾರುಕಟ್ಟೆ ತುಂಬಿದವು. ಎಷ್ಟೋ ಪುಡಿಗಳಲ್ಲಿ ಗುಣವೇ ಇರಲಿಲ್ಲ, ಕಲಬೆರಕೆಯೂ ಸೇರಿತು. ಪಂಥದ ಮಾನ ಹೋಯಿತು. ಅದನ್ನು ಮೊದಲು ಬಯಲಿಗೆಳೆದವರಲ್ಲಿ ಪಂಥದ ಒಳಗಿನವರೇ ಇದ್ದರು ಎಂಬುದನ್ನು ಮರೆಯಬಾರದು.

ಜಾನ್ ಮಿಲ್ಟನ್ ಸ್ಕಡರ್ 1860ರ ದಶಕದಲ್ಲಿ ಕುಸಿಯುತ್ತಿದ್ದ ಸಿನ್ಸಿನಾಟಿ ಶಾಲೆಯನ್ನು ಕೈಗೆತ್ತಿಕೊಂಡು ಉಳಿಸಿದರು. ರೋಗದ ಹೆಸರಿಗೆ ಮದ್ದು ಕೊಡಬೇಡಿ, ಎದುರಿಗಿರುವ ರೋಗಿಯ ಲಕ್ಷಣಕ್ಕೆ ಕೊಡಿ. ಒಂದು ಸಲಕ್ಕೆ ಒಂದೇ ಮದ್ದು, ಆದಷ್ಟು ಕಡಿಮೆ ಕೊಡಿ ಎಂಬುದು ಅವರ ಸೂತ್ರ. ಅವರ ಪದ್ಧತಿಯಲ್ಲಿ ಪೊಡೊಫಿಲಮ್ ಎಲ್ಲರಿಗೂ ಕೊಡುವ ಮದ್ದಾಗಿ ಉಳಿಯಲಿಲ್ಲ. ಮೈ ತುಂಬಿಕೊಂಡಂತಿರಬೇಕು, ಚರ್ಮದಡಿಯ ನರಗಳು ಉಬ್ಬಿ ಕಾಣಬೇಕು, ನಾಡಿ ತುಂಬಿ ಭಾರವಾಗಿ ಬಡಿಯಬೇಕು, ನಾಲಿಗೆಯ ಮೇಲೆ ಕೊಳಕು ಹಳದಿ ಲೇಪವಿರಬೇಕು, ತಲೆಸುತ್ತಿರಬೇಕು. ಇಷ್ಟಿದ್ದರೆ ಕೊಡಬಹುದು. ನಾಲಿಗೆ ಮುದುಡಿ ಮೊನಚಾಗಿದ್ದರೆ, ಮೈ ಸೊರಗಿದ್ದರೆ ಕೊಡಲೇಬಾರದು. ಪಂಥದ ಅತ್ಯುತ್ತಮ ಗುಣ ನನಗೆ ಕಾಣುವುದು ಈ ಜಾಗದಲ್ಲಿ. ಯಂತ್ರಗಳಿಲ್ಲದ ಕಾಲದ ವೈದ್ಯನಿಗೆ ಕಣ್ಣು, ಬೆರಳು ಎರಡೇ ಉಪಕರಣ. ಅವನ್ನು ಇಷ್ಟು ಶ್ರದ್ಧೆಯಿಂದ ಪಳಗಿಸಿದವರು ಆ ನಾಡಿನಲ್ಲಿ ಹೆಚ್ಚಿರಲಿಲ್ಲ. ಪ್ರಮಾಣ ಇಳಿಸಿದ್ದರಿಂದ ಎಷ್ಟೋ ರೋಗಿಗಳು ತಮ್ಮ ವೈದ್ಯರ ಕೈಯಿಂದಲೇ ಪಾರಾಗಿರಬೇಕು.

ಸ್ಕಡರ್ ಅವರಿಗೆ ನೆರವಾಗಿ ನಿಂತ ಔಷಧತಜ್ಞ ಜಾನ್ ಯೂರಿ ಲಾಯ್ಡ್. ಸೋದರರಿಬ್ಬರ ಜೊತೆ ಅವರು ನಡೆಸಿದ ಕಂಪನಿ ಪ್ರತಿ ಗಿಡಕ್ಕೂ ತಕ್ಕ ದ್ರಾವಕ, ತಕ್ಕ ಬಿಸಿ ಹುಡುಕಿ ಔಷಧ ತೆಗೆಯುತ್ತಿತ್ತು. ಹಾರ್ವೆ ಫೆಲ್ಟರ್ ಅವರೊಂದಿಗೆ ಲಾಯ್ಡ್ 1898ರಲ್ಲಿ ಪರಿಷ್ಕರಿಸಿ ತಂದ ‘ಕಿಂಗ್ಸ್ ಅಮೆರಿಕನ್ ಡಿಸ್ಪೆನ್ಸೇಟರಿ’ಯನ್ನು ಸಸ್ಯೌಷಧಗಳ ಇತಿಹಾಸ ಬರೆಯುವವರು ಇಂದಿಗೂ ತೆರೆಯಲೇಬೇಕು. ಸಿನ್ಸಿನಾಟಿಯಲ್ಲಿ ಸೋದರರು ಕಟ್ಟಿದ ಗ್ರಂಥಾಲಯ ಈಗಲೂ ಇದೆ.

ಹಾಗಾದರೆ ಕೊರತೆ ಎಲ್ಲಿ? ನೋಡುವುದನ್ನು ಕಲಿತವರು ಪರೀಕ್ಷಿಸುವುದನ್ನು ಕಲಿಯಲಿಲ್ಲ. ರೋಗಿ ಗುಣವಾದರೆ ಮದ್ದಿನ ಗೆಲುವು, ಆಗದಿದ್ದರೆ ಲಕ್ಷಣ ಓದಿದ್ದು ತಪ್ಪು. ಮದ್ದು ಸೋಲುವುದಕ್ಕೆ ದಾರಿಯೇ ಇಲ್ಲ. ಮದ್ದು ಕೊಡದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಅವರ ಪುಸ್ತಕಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಎಕಿನೇಶಿಯಾ ಎಂಬ ಗಿಡದ ಕತೆಯೂ ಇದೇ. ನೆಬ್ರಾಸ್ಕಾದ ಮೇಯರ್ ಎಂಬ ಔಷಧ ಮಾರಾಟಗಾರರು 1880ರ ದಶಕದಲ್ಲಿ ಆ ಬಯಲುಸೀಮೆಯ ಗಿಡವನ್ನು ಕಿಂಗ್ ಮತ್ತು ಲಾಯ್ಡ್ ಅವರಿಗೆ ಕಳಿಸಿ, ಬೇಕಾದರೆ ಬುಡುಬುಡಿಕೆ ಹಾವಿನಿಂದ ಕಚ್ಚಿಸಿಕೊಂಡು ಅದರ ಗುಣ ತೋರಿಸುತ್ತೇನೆ ಎಂದಿದ್ದರು. ಬಯಲಿನ ಮೂಲನಿವಾಸಿಗಳು ತಲೆಮಾರುಗಳಿಂದ ಬಳಸುತ್ತಿದ್ದ ಗಿಡ ಹೀಗೆ ಪಂಥದ ಅತಿ ಹೆಚ್ಚು ಮಾರಾಟದ ಔಷಧಗಳಲ್ಲಿ ಒಂದಾಯಿತು. ನೆಗಡಿಯ ಮೇಲೆ ಅದರ ಪರಿಣಾಮ ಅಳೆಯಲು ನಡೆದ 24 ಪ್ರಯೋಗಗಳನ್ನು 2014ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಒಟ್ಟಿಗೆ ತೂಗಿದಾಗ ಗಟ್ಟಿ ಪುರಾವೆ ಸಿಗಲಿಲ್ಲ.

ಇನ್ನೂ ದೊಡ್ಡ ತಪ್ಪು ಋಣದ ವಿಷಯದ್ದು. ಎಕ್ಲೆಕ್ಟಿಕ್ ಗ್ರಂಥಗಳಲ್ಲಿ ಮೂಲನಿವಾಸಿಗಳು ಬರುವುದು ‘ಇಂಡಿಯನ್ನರೂ ಬಳಸುತ್ತಿದ್ದರು’ ಎಂಬ ಒಂದು ಸಾಲಿನಲ್ಲಿ. ಯಾವ ಜನ, ಯಾವ ಊರು, ಹೇಳಿಕೊಟ್ಟವರು ಯಾರು ಎಂಬುದು ಬಹುಮಟ್ಟಿಗೆ ಇಲ್ಲ. ಮೇ ಆಪಲ್ ಹಾಸಿದ ಕಾಡುಗಳಿಂದ ಚೆರೋಕೀ ಜನರನ್ನು ಸೈನಿಕರು ಹೊರದಬ್ಬಿದ್ದು 1838ರಲ್ಲಿ. ಕಿಂಗ್ ಆ ಬೇರಿನ ರಾಳ ತೆಗೆಯುತ್ತಿದ್ದ ವರ್ಷಗಳಲ್ಲೇ. ಕಿಂಗ್ ಆ ದಬ್ಬಾಳಿಕೆಗೆ ಹೊಣೆಯಲ್ಲ. ಆದರೂ ಈ ಎರಡು ಸಂಗತಿಗಳನ್ನು ಬೇರೆಬೇರೆ ಪುಸ್ತಕಗಳಲ್ಲಿ ಓದುವ ಅಭ್ಯಾಸವನ್ನು ನಾವು ಬಿಡಬೇಕು. 1891ರಲ್ಲಿ ಜೇಮ್ಸ್ ಮೂನಿ ಚೆರೋಕೀ ವೈದ್ಯರ 20 ಗಿಡಗಳನ್ನು ‘ಯುನೈಟೆಡ್ ಸ್ಟೇಟ್ಸ್ ಡಿಸ್ಪೆನ್ಸೇಟರಿ’ ಎಂಬ ಔಷಧಕೋಶದ ಪಕ್ಕದಲ್ಲಿಟ್ಟು ನೋಡಿ, ಅವುಗಳಲ್ಲಿ ಹೆಚ್ಚಿನವು ನಿರುಪಯೋಗಿ ಎಂದು ತೀರ್ಪು ಕೊಟ್ಟರು. ಚೆರೋಕೀ ಜನರ ಮಂತ್ರ, ಮದ್ದುಗಳನ್ನು ಅಕ್ಕರೆಯಿಂದ ದಾಖಲಿಸಿದ ವಿದ್ವಾಂಸ ಅವರು. ಆದರೆ ಅವರು ಅಳತೆಗೋಲಾಗಿ ಹಿಡಿದ ಪುಸ್ತಕದಲ್ಲೇ ಮೂಲನಿವಾಸಿಗಳಿಂದ ಕಲಿತ ಗಿಡಗಳು ತುಂಬಿದ್ದವು.

1910ರಲ್ಲಿ ವೈದ್ಯಶಿಕ್ಷಣದ ಬಗ್ಗೆ ಏಬ್ರಹಾಂ ಫ್ಲೆಕ್ಸ್‌ನರ್ ವರದಿ ಬಂದಾಗ ದೇಶದಲ್ಲಿ ಎಂಟು ಎಕ್ಲೆಕ್ಟಿಕ್ ಕಾಲೇಜುಗಳಿದ್ದವು. ಪ್ರಯೋಗಾಲಯವಿಲ್ಲ, ಆಸ್ಪತ್ರೆಯಿಲ್ಲ ಎಂದು ವರದಿ ಅವನ್ನು ಕಟುವಾಗಿ ಟೀಕಿಸಿತು. ಸಿನ್ಸಿನಾಟಿಯದು 1939ರಲ್ಲಿ ಮುಚ್ಚಿತು. ಪೊಡೊಫಿಲಿನ್ ಮಾತ್ರ ಕಾರ್ಟರ್ಸ್ ಲಿಟ್ಲ್ ಲಿವರ್ ಪಿಲ್ಸ್ ಎಂಬ ಜನಪ್ರಿಯ ಗುಳಿಗೆಯಲ್ಲಿ ಉಳಿದಿತ್ತು. ಅದರ ಹೆಸರಿನಿಂದ ‘ಲಿವರ್’ ಪದ ತೆಗೆಸಲು ಅಮೆರಿಕ ಸರ್ಕಾರ 1959ರವರೆಗೆ ಮೊಕದ್ದಮೆ ನಡೆಸಬೇಕಾಯಿತು. ಯಕೃತ್ತಿನ ನಂಬಿಕೆ ಅಷ್ಟು ಬೇರೂರಿತ್ತು.

ಗಿಡದ ಎರಡನೇ ಬದುಕು ಶುರುವಾದದ್ದು ಪಂಥ ಮುಗಿದ ಮೇಲೆ. 1942ರಲ್ಲಿ ಕ್ಯಾಪ್ಲನ್ ಎಂಬ ವೈದ್ಯರು ಜನನಾಂಗದ ನರುಲಿಗಳಿಗೆ ಪೊಡೊಫಿಲಿನ್ ಹಚ್ಚಿ ಅವು ಉದುರುವುದನ್ನು ವರದಿ ಮಾಡಿದರು. ರಾಳದ ಮುಖ್ಯ ಅಂಶ ಪೊಡೊಫಿಲೊಟಾಕ್ಸಿನ್ ಜೀವಕೋಶ ಇಬ್ಭಾಗವಾಗುವುದನ್ನೇ ತಡೆಯುತ್ತದೆ ಎಂದು ಆಮೇಲೆ ತಿಳಿಯಿತು. ಹಾಗಿದ್ದರೆ ಕ್ಯಾನ್ಸರಿಗೆ ಆದೀತೇ? ನೇರವಾಗಿ ಕೊಟ್ಟರೆ ವಿಷ ಹೆಚ್ಚು. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯಲ್ಲಿ ಹಾರ್ಟ್‌ಮನ್ ಸ್ಟೇಹೆಲಿನ್ ಮತ್ತು ಆಲ್ಬರ್ಟ್ ಫಾನ್ ವಾರ್ಟ್‌ಬುರ್ಗ್ ಆ ಅಣುವನ್ನು ತಿದ್ದುತ್ತಾ ಹೋಗಿ 1960ರ ದಶಕದಲ್ಲಿ ಎಟೊಪೊಸೈಡ್ ತಲುಪಿದರು. ತಿದ್ದಿದ ಅಣು ಕೆಲಸ ಮಾಡುವ ಬಗೆಯೇ ಬೇರೆ: ಡಿಎನ್ಎ ಎಳೆಗಳ ಸಿಕ್ಕು ಬಿಡಿಸುವ ಟೊಪೊಐಸೊಮರೇಸ್ ಎಂಬ ಕಿಣ್ವವನ್ನು ಅರ್ಧದಲ್ಲೇ ಸಿಕ್ಕಿಸಿ ಎಳೆ ತುಂಡಾಗುವಂತೆ ಮಾಡುತ್ತದೆ. 1983ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ವೃಷಣದ ಕ್ಯಾನ್ಸರ್, ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್, ಲಿಂಫೋಮಾಗಳಲ್ಲಿ ಭಾರತದ ಆಸ್ಪತ್ರೆಗಳೂ ಇದನ್ನು ದಿನವೂ ಬಳಸುತ್ತವೆ.

ಇದನ್ನೇ ಹಿಡಿದು ‘ನೋಡಿ, ಎಕ್ಲೆಕ್ಟಿಕ್ ವೈದ್ಯರು ಹೇಳಿದ್ದೇ ಸರಿ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರು ಪಿತ್ತ ಇಳಿಸಲು ಕೊಟ್ಟ ಮದ್ದಿಗೂ ಈ ಚುಚ್ಚುಮದ್ದಿಗೂ ನಡುವೆ ಇರುವುದು ಅವರು ಎಂದೂ ಕೇಳದ ಪ್ರಶ್ನೆಗಳು. ಸ್ಯಾಂಡೋಜ್ ತಜ್ಞರು ಗಿಡದ ವಿಷವನ್ನು ವಿಷವೆಂದೇ ಒಪ್ಪಿ ಕೆಲಸ ಮಾಡಿದರು. ಹಾಗೆಂದು ಪಂಥದ್ದೇನೂ ಪಾಲಿಲ್ಲ ಎನ್ನುವುದೂ ಅನ್ಯಾಯ. ರಾಳ ತೆಗೆಯುವ ವಿಧಾನ ಕಂಡು, ಅದನ್ನು ನೂರು ವರ್ಷ ಬಳಕೆಯಲ್ಲಿಟ್ಟು, ಒಳ್ಳೆಯದು ಕೆಟ್ಟದ್ದು ಎರಡನ್ನೂ ಬರೆದಿಟ್ಟವರು ಅವರು. ಆ ರಾಳ ಔಷಧದಂಗಡಿಯಲ್ಲಿ ಇಲ್ಲದಿದ್ದರೆ 1942ರಲ್ಲಿ ಅದನ್ನು ನರುಲಿಗೆ ಹಚ್ಚಿ ನೋಡುವವರು ಯಾರು?

ಎಕ್ಲೆಕ್ಟಿಕ್ ಪಂಥವನ್ನು ನಾನು ಒಳ್ಳೆಯ ವೀಕ್ಷಕರ, ಪ್ರಾಮಾಣಿಕ ಔಷಧ ತಯಾರಕರ, ದುರ್ಬಲ ಪರೀಕ್ಷಕರ ಪಂಥವೆಂದು ಗುರುತಿಸುತ್ತೇನೆ. ಪಡೆದದ್ದನ್ನು ಯಾರಿಂದ ಪಡೆದೆವೆಂದು ಹೇಳುವುದರಲ್ಲಿ ಅವರು ಸೋತರು. ಆ ಕೊನೆಯ ಸೋಲು ಎಟೊಪೊಸೈಡ್ ಕಾಲಕ್ಕೂ ಮುಂದುವರಿದಿದೆ, ಈ ಸಲ ನಮ್ಮ ನೆಲದಲ್ಲಿ. ಮೇ ಆಪಲ್‌ನ ಹಿಮಾಲಯದ ಬಂಧು ಪೊಡೊಫಿಲಮ್ ಹೆಕ್ಸಾಂಡ್ರಮ್ ಬೇರಿನಲ್ಲಿ ರಾಳ ಇನ್ನೂ ಹೆಚ್ಚು. ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಎತ್ತರದ ಇಳಿಜಾರುಗಳಲ್ಲಿ ಆ ಬೇರನ್ನು ಅಗೆದು ತೆಗೆದವರ ಹೆಸರು ಯಾವ ಔಷಧದ ಇತಿಹಾಸದಲ್ಲೂ ಇಲ್ಲ. ಬೇರು ಅಗೆದರೆ ಗಿಡವೇ ಹೋಗುತ್ತದೆ. 1990ರಲ್ಲಿ ಅದನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಬೇಕಾಯಿತು.