ಒಂಬತ್ತು ಮಾರ್ಕ್ಸಿನ ಮಳೆಕಾಡು

ಕಾದಂಬರಿಗೆ ವಿಮರ್ಶೆ ಬರೀತೀವಿ, ಸಿನಿಮಾಕ್ಕೆ ಬರೀತೀವಿ, ಹೊಸ ದರ್ಶಿನಿಯ ಫಿಲ್ಟರ್ ಕಾಫಿಗೂ ಬರೀತೀವಿ. ಮಕ್ಕಳು ಪರೀಕ್ಷೆಗೆ ಮುಂಚೆ ಸಾಲು ಸಾಲಾಗಿ ಬಾಯಿಪಾಠ ಮಾಡೋ ರಿವಿಷನ್ ಗೈಡಿಗೆ ಮಾತ್ರ ಯಾರೂ ಬರೆಯಲ್ಲ. ಹಾಗಾಗಿ ಈ ಸಲ ನನ್ನ ಕೈಲಿರೋದು ಇಂಗ್ಲೆಂಡಿನ ಜಿಸಿಎಸ್‌ಇ ಜಿಯಾಗ್ರಫಿ ಗೈಡ್.

ಜಿಸಿಎಸ್‌ಇ ಅಂದ್ರೆ ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ಪರೀಕ್ಷೆ ರೆಡಿಂಗ್‌ನಲ್ಲಿರೋ ಅಕ್ಕನ ಮಗಳದ್ದು. ನಾನು ಬೆಂಗಳೂರಲ್ಲಿ ಕೂತು ಶನಿವಾರ ಶನಿವಾರ ವಿಡಿಯೋ ಕಾಲ್‌ನಲ್ಲಿ ಪ್ರಶ್ನೆ ಕೇಳೋ ಮಾಮ. ಆಫೀಸಲ್ಲಿ ಡೇಟಾ ನೋಡೋ ಕೆಲಸ ಮಾಡ್ತೀನಿ ಅನ್ನೋ ಒಂದೇ ಕಾರಣಕ್ಕೆ ಈ ಹೊಣೆ ನನ್ನ ತಲೆಗೆ ಬಂದಿದೆ. ಗೈಡಿನ ಒಂದು ಪ್ರತಿ ನನ್ನ ಹತ್ತಿರವೂ ಇದೆ. ಅದರಲ್ಲಿ ಎರಡು ಅಧ್ಯಾಯಗಳನ್ನು ಒಂದರ ಹಿಂದೆ ಒಂದು ಓದಿದಾಗ ವಿಚಿತ್ರ ಅನ್ನಿಸ್ತು. ಒಂದು ಫೀಲ್ಡ್‌ವರ್ಕ್, ಇನ್ನೊಂದು ಉಷ್ಣವಲಯದ ಮಳೆಕಾಡು. ಒಂದೇ ಪುಸ್ತಕದಲ್ಲಿದ್ದರೂ ಅವೆರಡಕ್ಕೂ ಮಾತುಕತೆಯೇ ಇಲ್ಲ.

ಫೀಲ್ಡ್‌ವರ್ಕ್ ಅಧ್ಯಾಯ ಹೇಳೋದೇನು? ಪ್ರಶ್ನೆ ಹಾಕಿಕೊ, ಅಳೆ, ಗ್ರಾಫ್ ಮಾಡು, ವಿಶ್ಲೇಷಿಸು, ತೀರ್ಮಾನಕ್ಕೆ ಬಾ, ಕೊನೆಗೆ ನಿನ್ನ ತೀರ್ಮಾನವನ್ನೇ ಅನುಮಾನಿಸು. ಒಟ್ಟು ಆರು ಹಂತ. ಹದಿನೈದು ಹದಿನಾರರ ಮಕ್ಕಳಿಗೆ ಇದನ್ನು ಕಲಿಸ್ತಾರೆ ಅನ್ನೋದೇ ನನಗೆ ಖುಷಿ. ನಮ್ಮ ಕಾಲದಲ್ಲಿ ಭೂಗೋಳ ಅಂದ್ರೆ ನಕ್ಷೆಯಲ್ಲಿ ಕಬ್ಬಿಣದ ಅದಿರು ಸಿಗೋ ಜಾಗಕ್ಕೆ ಚುಕ್ಕೆ ಇಡೋದು, ಅಷ್ಟೇ. ಅಲ್ಲಿನ ಮಕ್ಕಳು ಕನಿಷ್ಠ ಎರಡು ಸಲ ಕ್ಲಾಸಿನ ಹೊರಗೆ ಹೋಗಲೇಬೇಕು, ಒಮ್ಮೆ ಭೌತಿಕ ಭೂಗೋಳಕ್ಕೆ, ಒಮ್ಮೆ ಮಾನವ ಭೂಗೋಳಕ್ಕೆ.

ಆದ್ರೆ 2016ರಲ್ಲಿ ಶುರುವಾದ ಈಗಿನ ಸಿಲಬಸ್‌ನಲ್ಲಿ ಒಂದು ತಿರುವಿದೆ. ಅದಕ್ಕೆ ಮುಂಚೆ ಹುಡುಗರು ತಾವು ಮಾಡಿದ ಅಧ್ಯಯನದ ವರದಿ ಬರೆದು ಕೊಡ್ತಿದ್ರು, ಅದಕ್ಕೇ ಮಾರ್ಕ್ಸ್. ಮೇಷ್ಟ್ರುಗಳು ಕೈಹಿಡಿದು ಬರೆಸ್ತಾರೆ ಅನ್ನೋ ದೂರು ಇತ್ತು, ಅದರಲ್ಲಿ ಹುರುಳೂ ಇತ್ತು. ಈಗ ಆ ಹೊರಗಿನ ಕೆಲಸದ ಬಗ್ಗೆ ಪರೀಕ್ಷಾ ಹಾಲಿನಲ್ಲಿ ನೆನಪಿನಿಂದ ಬರೀಬೇಕು. ಹೊಳೆಯಲ್ಲಿ ಮೊಣಕಾಲುದ್ದ ಇಳಿದ ಅನುಭವವನ್ನು ತಿಂಗಳುಗಳಾದ ಮೇಲೆ ಒಂಬತ್ತು ಮಾರ್ಕ್ಸಿನ ಉತ್ತರ ಮಾಡಬೇಕು. ನೆನಪಿನಿಂದ ಬರೆಯೋದು ಅಂದ ಕೂಡಲೇ ಬಾಯಿಪಾಠ ಬಂತು. ಬಾಯಿಪಾಠ ಬಂದ ಕಡೆ ಗೈಡ್ ಬಂತು.

ನಮ್ಮ ಹುಡುಗಿ ಕ್ಲಾಸಿನವರ ಜೊತೆ ಒಂದು ಹೊಳೆಗೆ ಹೋಗಿದ್ದಳು. ಕೆಳಕ್ಕೆ ಹೋದ ಹಾಗೆ ಹೊಳೆ ಅಗಲ ಆಗುತ್ತೆ, ಆಳ ಆಗುತ್ತೆ, ವೇಗವೂ ಜಾಸ್ತಿಯಾಗುತ್ತೆ ಅನ್ನೋದು ಪರೀಕ್ಷಿಸಬೇಕಾದ ಊಹೆ. ಕಿತ್ತಳೆ ಹಣ್ಣನ್ನು ನೀರಿಗೆ ಬಿಟ್ಟು ಹತ್ತು ಮೀಟರ್ ತೇಲೋಕೆ ಎಷ್ಟು ಸೆಕೆಂಡ್ ಅಂತ ಲೆಕ್ಕ. ಮೂರನೇ ಜಾಗದಲ್ಲಿ ಊಹೆ ಕೈಕೊಟ್ಟಿತು: ನೀರು ನಿಧಾನವಾಗಿತ್ತು. ಯಾಕೆ ಅಂತ ಕೇಳಿದೆ. ಗೈಡ್ ನೋಡದೇ ಹೇಳಿದಳು, “ಹ್ಯೂಮನ್ ಎರರ್. ಸ್ಟಾಪ್‌ವಾಚ್ ಒತ್ತೋದು ತಡ ಆಗಿರಬಹುದು. ಇನ್ನೂ ಹೆಚ್ಚು ಸ್ಯಾಂಪಲ್ ತಗೊಂಡಿದ್ರೆ ಚೆನ್ನಾಗಿರ್ತಿತ್ತು.” ಗೈಡಿನಲ್ಲಿ ಹೀಗೇ ಇದೆ, ಅದೇ ಕ್ರಮದಲ್ಲಿ.

ಅಲ್ಲ ಕಣೇ, ಅಲ್ಲಿ ಏನಾದ್ರೂ ಕಾಣಿಸ್ತಾ ಅಂದೆ. “ಹೂಂ, ಸ್ವಲ್ಪ ಕೆಳಗೆ ಯಾರೋ ಹಳೇ ಕಾಲದಲ್ಲಿ ಕಟ್ಟಿದ ಸಣ್ಣ ಅಡ್ಡಗಟ್ಟೆ ಇದೆ ಮಾಮ, ನೀರು ಅಲ್ಲಿ ಹಿಂದಕ್ಕೆ ನಿಂತ್ಕೊಂಡಿತ್ತು. ಆದ್ರೆ ಅದು ಲಿಸ್ಟಲ್ಲಿ ಇಲ್ಲ.”

ನನ್ನ ತಕರಾರೆಲ್ಲ ಇಷ್ಟರಲ್ಲೇ ಇದೆ. ಅವಳು ಕಣ್ಣಾರೆ ಕಂಡ ಕಾರಣವೇ ನಿಜವಾದ ಭೂಗೋಳ. ಗೈಡ್ ಕೊಟ್ಟದ್ದು ರೆಡಿಮೇಡ್ ವಿನಯ, ಯಾವ ಹೊಳೆಗೂ ಯಾವ ಪೇಟೆ ಬೀದಿಗೂ ಹೊಂದುವಂಥದ್ದು. ನಮ್ಮ ಆಫೀಸುಗಳಲ್ಲೂ ಪ್ರೆಸೆಂಟೇಷನ್‌ನ ಕೊನೇ ಸ್ಲೈಡಿನಲ್ಲಿ “ಲಿಮಿಟೇಷನ್ಸ್” ಅಂತ ಮೂರು ಸಾಲು ಹಾಕ್ತೀವಲ್ಲ, ಹಳೇ ಡೆಕ್‌ನಿಂದ ಕಾಪಿ ಮಾಡಿ? ಆ ರೋಗ ಎಲ್ಲಿ ಅಂಟುತ್ತೆ ಅಂತ ಈಗ ಗೊತ್ತಾಯ್ತು.

ಇನ್ನು ಮಳೆಕಾಡು. ಇಲ್ಲಿ ಅನುಮಾನದ ಸುಳಿವೇ ಇಲ್ಲ. ಕಾಡಿಗೆ ಇಷ್ಟು ಪದರ, ಎಲೆಗೆ ನೀರು ಜಾರಿಸೋ ಚೂಪು ತುದಿ, ಮರಕ್ಕೆ ಹಲಗೆಯಂಥ ಬೇರು. ಅದೆಲ್ಲ ಸರಿಯೇ. ಪೋಷಕಾಂಶಗಳ ಚಕ್ರ ತೋರಿಸೋ ಮೂರು ವೃತ್ತಗಳ ಚಿತ್ರವಂತೂ ಪುಸ್ತಕದಲ್ಲೇ ಅತ್ಯುತ್ತಮ ಪುಟ: ಗಿಡಮರದ ವೃತ್ತ ದೊಡ್ಡದು, ಮಣ್ಣಿನದು ಚಿಕ್ಕದು, ಉದುರಿದ ತರಗೆಲೆಯದು ಇನ್ನೂ ಚಿಕ್ಕದು. ಅಷ್ಟು ಹಸಿರಿನ ಕೆಳಗಿನ ಮಣ್ಣು ಯಾಕೆ ಬಡವಾಗಿದೆ, ಕಾಡು ಕಡಿದ ಮೇಲೆ ಯಾಕೆ ಬೇಗ ಸೋಲುತ್ತೆ ಅನ್ನೋದು ಒಂದು ನೋಟಕ್ಕೆ ಅರ್ಥ ಆಗುತ್ತೆ.

ಆದ್ರೆ ಅದರ ಹಿಂದಿನ ಪುಟದಲ್ಲಿ “ವರ್ಷವಿಡೀ ಒಂದೇ ಥರ ಮಳೆ, ಋತುಗಳಿಲ್ಲ” ಅಂತ ಬರೆದು, ಪಕ್ಕದಲ್ಲೇ ಅಮೆಜಾನಿನ ಮನೌಸ್ ನಗರದ ಮಳೆ ಗ್ರಾಫ್ ಹಾಕಿದ್ದಾರೆ. ಮಾರ್ಚಿನಲ್ಲಿ 300 ಮಿಲಿಮೀಟರ್ ಮೇಲೆ, ಆಗಸ್ಟಿನಲ್ಲಿ ಅದರ ಐದನೇ ಒಂದು ಪಾಲು. ಗ್ರಾಫೇ ವಾಕ್ಯವನ್ನು ಸುಳ್ಳು ಮಾಡ್ತಿದೆ, ಯಾರೂ ನೋಡಿಲ್ಲ. ಮಲೆನಾಡಿನ ಕಡೆಯವರಿಗೆ ಇದು ಬೇಗ ಕಣ್ಣಿಗೆ ಬೀಳುತ್ತೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ. ಆದ್ರೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತೆ, ಜನವರಿಯಲ್ಲಿ ಹನಿಯೂ ಅಪರೂಪ. ಹಾಗಂತ ಅದು ಮಳೆಕಾಡಲ್ಲ ಅಂತ ಹೇಳೋಕಾಗುತ್ತಾ?

ಅರಣ್ಯನಾಶದ ಪುಟದ್ದೂ ಇದೇ ಕಥೆ. ಕಾರಣಗಳ ಪಟ್ಟಿ: ದನ ಸಾಕಣೆ, ಸೋಯಾ, ಮರದ ದಂಧೆ, ರಸ್ತೆ, ಗಣಿ, ಅಣೆಕಟ್ಟು. ಓದಿದವರಿಗೆ ಅಮೆಜಾನ್ ಅಂದ್ರೆ ಇಳಿಜಾರಿನಲ್ಲಿ ಉರುಳ್ತಾ ಇರೋ ಕಲ್ಲು ಅನ್ನಿಸುತ್ತೆ. ಬ್ರೆಜಿಲ್‌ನ ಬಾಹ್ಯಾಕಾಶ ಸಂಸ್ಥೆ ಇನ್‌ಪೆ 1988ರಿಂದ ಉಪಗ್ರಹದ ಚಿತ್ರ ನೋಡಿ ವರ್ಷ ವರ್ಷ ಅಳೀತಿದೆ. ಅದರ ಲೆಕ್ಕದಲ್ಲಿ 2004ರಲ್ಲಿ ಸುಮಾರು 27,700 ಚದರ ಕಿಲೋಮೀಟರ್ ಕಾಡು ಹೋಯ್ತು. 2012ರಲ್ಲಿ ಸುಮಾರು 4,600. 2021ರ ಹೊತ್ತಿಗೆ ಮತ್ತೆ 13,000. ಮೊದಲ ಇಳಿತದ ಹಿಂದೆ ಉಪಗ್ರಹದ ಕಾವಲಿತ್ತು, ದಂಡವಿತ್ತು, ಕಾಡು ಕಡಿದವರಿಗೆ ಸಾಲ ಸಿಗದ ಹಾಗೆ ಮಾಡಿದ ನಿಯಮವಿತ್ತು, ಹೊಸದಾಗಿ ಕಡಿದ ಜಮೀನಿನ ಸೋಯಾ ಕೊಳ್ಳಲ್ಲ ಅಂತ 2006ರಲ್ಲಿ ವ್ಯಾಪಾರಿಗಳು ಮಾಡಿಕೊಂಡ ಒಪ್ಪಂದವಿತ್ತು. ಸರ್ಕಾರ ಬದಲಾದ ಹಾಗೆ ಗೆರೆ ಏರಿ ಇಳಿಯುತ್ತೆ. ಆ ಗೆರೆಯ ಎದುರು ಕೂತು “ಇಲ್ಲಿ ಯಾಕೆ ಇಳೀತು?” ಅಂತ ಕೇಳೋದು ಫೀಲ್ಡ್‌ವರ್ಕ್ ಅಧ್ಯಾಯದ ಪ್ರಶ್ನೆ. ಗೈಡ್ ಆ ಪ್ರಶ್ನೆಯನ್ನು ಹೊಳೆಗೆ ಮಾತ್ರ ಮೀಸಲಿಟ್ಟಿದೆ.

ಹದಿನಾರರ ಹುಡುಗಿಗೆ ಕಾಡು ಉಳಿಸೋಕೆ ಆಗಿದ್ದ ಕಾಲವೂ ಇತ್ತು ಅಂತ ಗೊತ್ತಾಗೋದಕ್ಕೂ, ಎಲ್ಲ ಮುಗೀತು ಅಂತ ಆರು ಕಾರಣ ಒಪ್ಪಿಸೋದಕ್ಕೂ ವ್ಯತ್ಯಾಸ ಇದೆ. “ಹೇಗೂ ಹೋಗುತ್ತಲ್ಲ ಮಾಮ” ಅಂತ ಅವಳು ಹೇಳಿದ್ದು ನನಗೆ ಮಾರ್ಕ್ಸಿಗಿಂತ ಹೆಚ್ಚು ಚಿಂತೆ ಹತ್ತಿಸಿದೆ.

ಎರಡೂ ಅಧ್ಯಾಯ ಕೂಡೋ ಜಾಗ ಒಂದಿದೆ, ಅದೂ ಅದೇ ಮನೌಸ್‌ನಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ. ದೊಡ್ಡದೊಂದು ಕಾಡು ಉಳಿಸೋದು ಒಳ್ಳೇದೋ, ಚಿಕ್ಕ ಚಿಕ್ಕವು ಹಲವೋ ಅಂತ ವಿಜ್ಞಾನಿಗಳ ನಡುವೆ ಜಗಳ ಇದ್ದ ಕಾಲ. ಆಗ ಬ್ರೆಜಿಲ್‌ನಲ್ಲಿ ದನದ ಹುಲ್ಲುಗಾವಲಿಗೆ ಕಾಡು ಕಡಿಯೋರು ಜಮೀನಿನ ಅರ್ಧದಷ್ಟು ಕಾಡು ಬಿಡಬೇಕು ಅನ್ನೋ ಕಾನೂನಿತ್ತು. ಥಾಮಸ್ ಲವ್‌ಜಾಯ್ ಅನ್ನೋ ಅಮೆರಿಕದ ಜೀವವಿಜ್ಞಾನಿಗೆ ಹೊಳೆದದ್ದು ಇಷ್ಟು: ಹೇಗೂ ಬಿಡ್ತೀರಿ, ನಾವು ಹೇಳಿದ ಅಳತೆಗೆ ಬಿಡಿ. 1979ರಲ್ಲಿ ಕೆಲಸ ಶುರುವಾಯ್ತು. 1, 10, 100 ಹೆಕ್ಟೇರಿನ ತುಂಡುಗಳು. ಕಡಿಯೋಕೆ ಮುಂಚೆಯೇ ಹೋಗಿ ಎಣಿಸಿಕೊಂಡರು, ಅದೇ ಅದರ ಜಾಣತನ. ಅಂಚಿನ ಹತ್ತಿರದ ದೊಡ್ಡ ಮರಗಳು ಬೇಗ ಸಾಯೋದು ಕಾಣಿಸ್ತು. 100 ಹೆಕ್ಟೇರಿನ ತುಂಡು ಕೂಡ ಕಾಡಿನ ಕೆಳಪದರದ ಹಕ್ಕಿ ಜಾತಿಗಳಲ್ಲಿ ಅರ್ಧವನ್ನು 15 ವರ್ಷದೊಳಗೇ ಕಳ್ಕೊಳ್ತು. ಆಮೇಲೆ ಎಷ್ಟೋ ಹುಲ್ಲುಗಾವಲುಗಳನ್ನು ಜನ ಬಿಟ್ಟು ಹೋದರು, ಸುತ್ತ ಮತ್ತೆ ಗಿಡ ಬೆಳೀತು, ಕೆಲವು ಹಕ್ಕಿಗಳು ವಾಪಸ್ ಬಂದವು. ಯಾರೂ ಮೊದಲೇ ಬರೆದಿಟ್ಟುಕೊಳ್ಳದ ಉತ್ತರ ಅದು, ಹುಡುಗಿ ಕಂಡ ಅಡ್ಡಗಟ್ಟೆಯ ಹಾಗೆ.

ಇದಕ್ಕೆ ಗೈಡಿನಲ್ಲಿ ಒಂದು ಪುಟ ಸಾಕು. ಜಾಗ ಇಲ್ಲ ಅನ್ನೋರು ಇಕೋಟೂರಿಸಂ ಬಗ್ಗೆ ಇರೋ ಒಂದೂವರೆ ಪುಟ ನೋಡಿ, ಅದರಲ್ಲಿ ಅರ್ಧ ಪುಟ ಗಿಣಿಯ ಫೋಟೋ. ಮುಂದಿನ ಶನಿವಾರ ನದಿಯ ಪ್ರಶ್ನೆಯನ್ನೇ ಮತ್ತೆ ಕೇಳ್ತೀನಿ ಅಂತ ಹೇಳಿದ್ದೀನಿ. ಅಡ್ಡಗಟ್ಟೆ ಬರೆದ್ರೆ ಮಾರ್ಕ್ಸ್ ಕೊಡ್ತಾರಾ ಅಂತ ಅವಳು ಟೀಚರ್‌ನ ಕೇಳ್ಕೊಂಡು ಬರಬೇಕಂತೆ.